ಒಲೆ ತಿರುಗಿಸುವವರು

ಸ್ನಾನ ಮುಗಿಸಿ, ಕೆಲಸಕ್ಕೆ ಹೋಗುವ ಸೀರೆ ಉಟ್ಟು, ಚಹಾಕ್ಕೆ ನೀರಿಡಲು ಬಂದವಳಿಗೆ ಒಲೆಯೇ ಕಾಣಲಿಲ್ಲ. ಕಟ್ಟೆಯ ಮೇಲೆ ಅದು ಕೂತಿದ್ದ ಜಾಗದ ಸುತ್ತ ಜಿಡ್ಡಿನ ಗೆರೆಯೊಂದೇ ಉಳಿದಿತ್ತು. ಕೆಳಗೆ ಗ್ಯಾಸ್ ಸಿಲಿಂಡರೂ ಇಲ್ಲ, ಪೈಪೂ ಇಲ್ಲ. ಒಲೆ ಹೊತ್ತ ಕಳ್ಳ ಪಾತ್ರೆ ಯಾಕೆ ಬಿಟ್ಟ ಎಂದು ಅವಳು ನೋಡುತ್ತಿರುವಾಗಲೇ ತಾರಸಿಯಿಂದ ಗಂಡ ಕೂಗಿದ.

“ಇವಳೇ, ಮೇಲೆ ಬಾ! ಕಣ್ಣು ಮುಚ್ಕೊಂಡು ಬಾ!”

ಕಣ್ಣು ಬಿಟ್ಟುಕೊಂಡೇ ಹೋದಳು. ತಾರಸಿಯ ನಡುವೆ ಕಪ್ಪು ಪೆಟ್ಟಿಗೆ, ಅದರ ಮುಚ್ಚಳಕ್ಕೆ ಕನ್ನಡಿ, ಕನ್ನಡಿಗೆ ಕೆಂಪು ರಿಬ್ಬನ್. ಪಕ್ಕದಲ್ಲಿ ಗಂಡ, ಅವನ ತಲೆಯ ಮೇಲೆ ಪುಟ್ಟ ಫ್ಯಾನು ಗಿರಗಿರ ತಿರುಗುವ ಸೋಲಾರ್ ಟೋಪಿ. ಸೋಲಾರ್, ಪರಿಸರಸ್ನೇಹಿ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಕೆಲಸ ಅವನದು. ಹುಟ್ಟುಹಬ್ಬಕ್ಕೆ ಟಾರ್ಚು, ಹೋದ ಸಲದ ಮದುವೆಯ ದಿನಕ್ಕೆ ಬಿದಿರಿನ ಬ್ರಷ್ಷು, ಹೀಗೆ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದದ್ದೆಲ್ಲ ಈ ಮನೆಗೆ ಉಡುಗೊರೆಯಾಗಿ ಬರುತ್ತಿತ್ತು. ಮೂಲೆಯಲ್ಲಿ ಅತ್ತೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದಳು.

“ಮದುವೆ ದಿನದ ಉಡುಗೊರೆ, ಬಿಸಿಲೊಲೆ! ಹೊಗೆ ಇಲ್ಲ, ಗ್ಯಾಸ್ ಇಲ್ಲ, ಭೂಮಿಗೂ ತಂಪು.”

“ನನ್ನ ಒಲೆ ಎಲ್ಲಿ?”

“ಅಂಗಡಿ ವಾಚ್‌ಮನ್‌ಗೆ ಕೊಟ್ಟೆ. ಈಗಷ್ಟೇ ಹೊತ್ಕೊಂಡು ಹೋದ. ಗಿರಾಕಿಗಳನ್ನ ಮನೆಗೇ ಕರೆಸಿ ತೋರಿಸು ಅಂದಿದಾರೆ ಓನರ್. ಮನೇಲಿ ಗ್ಯಾಸ್ ಕಂಡ್ರೆ ನನ್ನ ಮಾತು ಯಾರು ನಂಬ್ತಾರೆ?”

“ಇದನ್ನ ಬಿಸಿಲು ಹೋದ ಕಡೆಗೆಲ್ಲ ತಿರುಗಿಸ್ತಾ ಇರ್ಬೇಕು ಅಂತ ನೀವೇ ಹೇಳ್ತಿದ್ರಿ. ಯಾರು ತಿರುಗಿಸೋದು?”

“ಅದೇನು ಪ್ರಶ್ನೆ? ಮನೇಲಿ ಇರೋರು.”

“ಮನೇಲಿ ಯಾರಿರ್ತಾರೆ? ನಾನು ಇವತ್ತಿಂದ ಕೆಲಸಕ್ಕೆ ಹೋಗ್ತೀನಿ.”

ಮುಖ್ಯರಸ್ತೆಯ ಟೈಲರ್ ಮಾಸ್ಟರು ತನ್ನ ಕಟಿಂಗ್ ಮೇಜಿನ ಹತ್ತಿರ ಇದುವರೆಗೆ ಯಾರನ್ನೂ ಸೇರಿಸಿದವನಲ್ಲ. ಅಂಥವನು, ಈಗೀಗ ಕೈ ನಡುಗುತ್ತದೆ ಎಂದು ಒಪ್ಪಿಕೊಂಡು, ಹಳೇ ಪೇಪರಿನ ಮೇಲೆ ಅಂಗಿ ಕತ್ತರಿಸಿ ಕತ್ತರಿಸಿ ಕಲಿತಿದ್ದ ಇವಳನ್ನು ಪರೀಕ್ಷೆ ಮಾಡಿ, “ನಿನ್ನ ಕತ್ತರಿ ನೀನೇ ತಗೊಂಡು ಬಾ” ಎಂದಿದ್ದ. ಕತ್ತರಿ ಕೊಂಡು, ಸಾಣೆ ಹಿಡಿಸಿ, ಚೀಲದಲ್ಲಿಟ್ಟುಕೊಂಡು ಇವಳು ಈ ದಿನಕ್ಕೆ ಕಾದಿದ್ದಳು.

ಗಂಡ ಟೋಪಿ ಸರಿಮಾಡಿಕೊಂಡ. “ಮಾಸ್ಟರಿಗೆ ನಿನ್ನೇನೇ ಹೇಳಿ ಬಂದೆ. ಅವಳಿಗೆ ಆಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ.”

“ಆಗಲ್ಲ ಅಂತ ನಾನು ಹೇಳಿದ್ನಾ?”

“ಕಿರುಚಬೇಡ. ಅಕ್ಕಪಕ್ಕದವರು ಕೇಳಿಸ್ಕೊಳ್ತಾರೆ.”

“ಕೇಳಿಸ್ಕೊಳ್ಳಲಿ! ಉಡುಗೊರೆಯಂತೆ ಉಡುಗೊರೆ! ಹೊಸಿಲು ದಾಟದ ಹಾಗೆ ಕಾಲಿಗೆ ಪೆಟ್ಟಿಗೆ ಕಟ್ಟೋದು, ಅದಕ್ಕೊಂದು ರಿಬ್ಬನ್ ಬೇರೆ! ನಾಚಿಕೆ ಆಗಲ್ವಾ ನಿಮಗೆ?”

“ಅಮ್ಮಾ, ನೀನಾದ್ರೂ ಸ್ವಲ್ಪ ಹೇಳು.”

“ನನ್ನ ಚಹಾ ಯಾವ ಕಾಲಕ್ಕೆ ಬರುತ್ತೆ, ಅದನ್ನ ನೀನು ಹೇಳು ಮೊದಲು,” ಎಂದಳು ಅತ್ತೆ.

ಸೊಸೆ ಮೊಬೈಲ್ ತೆಗೆದು ಗಂಡನ ಎದುರಿಗೇ ಫೋನ್ ಹಚ್ಚಿದಳು. “ಮಾಸ್ಟ್ರೇ, ನನ್ನ ಜಾಗ ಇದ್ಯಾ, ಹೋಯ್ತಾ?”

ಮುದುಕನ ಗಂಟಲು ಇಡೀ ತಾರಸಿಗೆ ಕೇಳಿಸುವಷ್ಟು ದೊಡ್ಡದು. “ಬರಲ್ಲ ಅಂದ ನಿನ್ನ ಗಂಡ. ಇನ್ನೊಬ್ಬನಿಗೆ ಬಾ ಅಂದಿದೀನಿ. ಅವನಿಗಿಂತ ಮೊದಲು ನೀನು ಬಂದ್ರೆ ಮೇಜು ನಿಂದು. ಆಮೇಲೆ ನನ್ನ ಬೈಬೇಡ.”

ಅವಳು ದಡದಡ ಕೆಳಗಿಳಿದು ಚೀಲ ಹೆಗಲಿಗೇರಿಸಿದಳು. ಗಂಡ ಹಿಂದೆಯೇ ಓಡಿಬಂದ. “ಇನ್ನೇನು ಗಿರಾಕಿಗಳು ಬಂದುಬಿಡ್ತಾರೆ. ನನ್ನ ಮರ್ಯಾದೆ ಪ್ರಶ್ನೆ ಕಣೇ! ಅನ್ನಕ್ಕಾದ್ರೂ ಇಟ್ಟು ಹೋಗು!”

“ಅಕ್ಕಿ ಡಬ್ಬದಲ್ಲಿದೆ. ನೀರು ನಲ್ಲೀಲಿದೆ. ಮಾಡ್ಕೊಳ್ಳಿ.”

ಗೇಟಿನ ಹತ್ತಿರ ಗಿರಾಕಿ ದಂಪತಿ ಎದುರಾದರು. ಹೆಂಗಸು ನಗುತ್ತ ಕೇಳಿದಳು, “ಬಿಸಿಲೊಲೆ ನೋಡೋಕೆ ಬಂದ್ವಿ. ಅಡುಗೆ ಮಾಡೋರು ನೀವೇನಾ?”

“ಅಡುಗೆಯವರು ಮೇಲಿದ್ದಾರೆ, ಹೋಗಿ,” ಎಂದವಳೇ ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗಿಳಿದಳು. ಅದು ನಡಿಗೆಯಲ್ಲ, ಓಟ. ಬಂದವರು ಮೆಟ್ಟಿಲು ಹತ್ತಿ, ಟೋಪಿ ಹೊಗಳಿ, ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕುವ ಹೊತ್ತಿಗೆ ಅವಳ ಕತ್ತರಿ ಮಾಸ್ಟರ ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಅಂಚನ್ನು ಕಚ್ಚಿತ್ತು.

ತಾರಸಿಯಲ್ಲಿ ಗಂಡ ಮುಖ ಒರೆಸಿಕೊಂಡು, ತೊಳೆಯದ ಅಕ್ಕಿಗೆ ಅಂದಾಜಿನ ನೀರು ಸುರಿದು ಪೆಟ್ಟಿಗೆಯೊಳಗಿಟ್ಟಿದ್ದ. “ಬಹಳ ಸುಲಭ ಮೇಡಂ. ಹೆಂಗಸರಿಗೆ ಕೆಲಸಾನೇ ಇರಲ್ಲ. ಇಟ್ಟು ಮರೆತುಬಿಡಬಹುದು.”

ಹೆಂಗಸು ಬಗ್ಗಿ ಪೆಟ್ಟಿಗೆಯ ಗಾಜು ಮುಟ್ಟಿದಳು. “ತಣ್ಣಗೇ ಇದೆಯಲ್ಲ?”

ಅವನು ಕನ್ನಡಿಯನ್ನು ಹಿಂದಕ್ಕೆ ಬಗ್ಗಿಸಿದ, ಮುಂದಕ್ಕೆ ಬಗ್ಗಿಸಿದ. ಮೋಡವಿರಬಹುದೆಂದು ಆಕಾಶ ನೋಡಿದ. ಆಕಾಶದಲ್ಲಿ ಏನೂ ಇರಲಿಲ್ಲ.

ಮೂಲೆಯಿಂದ ಅವನ ತಾಯಿ ಅಂದಳು:

“ಪಕ್ಕಕ್ಕೆ ಸರಿಯೋ. ಬಿಸಿಲಿಗೆ ನೀನೇ ಅಡ್ಡ ನಿಂತಿದೀಯ.”