ಹೊರಗಿನ ಎಲೆ

ಪ್ರವಚನ ಮುಗಿದ ಮೇಲೆ ಎಲ್ಲರಿಗೂ ಆಶ್ರಮದ ಒಳಗೆ ಎಲೆ ಹಾಕಿದರು. ದೊಡ್ಡತಾಯಮ್ಮನಿಗೆ ಮಾತ್ರ ಜಾತಿ ಕೇಳಿ ಹೊರಗೆ, ಬಾಗಿಲ ಪಕ್ಕ ಹಾಕಿದರು.

ಸಂಜೆ ಸ್ವಾಮೀಜಿ ದೀಕ್ಷೆ ಕೊಡುವವರಿದ್ದರು. ದೀಕ್ಷೆಯಾದರೆ ಮುಕ್ತಿ ಎಂದು ನಂಬಿ ಬಂದವಳು ಅವಳು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಬುದ್ಧಿ, ಎಲ್ಲರ ಆತ್ಮಾನೂ ಒಂದೇ ಅಂತ ಈಗ ತಾನೇ ಹೇಳಿದ್ರಿ. ಮತ್ತೆ ನಾನ್ಯಾಕೆ ಬಿಸಿಲಲ್ಲಿ?"

ಒಳಗೆ ಊಟಕ್ಕೆ ಕೂತಿದ್ದ ಸ್ವಾಮೀಜಿ ನಕ್ಕರು.

"ಹೊರಗಿರೋದು ನಿನ್ನ ದೇಹ ಕಣಮ್ಮಾ, ಬರೀ ಮಾಯೆ. ನಿಜವಾದ ನೀನು ಆತ್ಮ. ಅದು ಇಲ್ಲೇ, ನನ್ನ ಪಕ್ಕದಲ್ಲೇ ಕೂತಿದೆ."

"ಅದಕ್ಕೂ ಹೋಳಿಗೆ ಬಡಿಸಿದ್ರಾ ಬುದ್ಧಿ?"

"ಆತ್ಮಕ್ಕೆ ಹಸಿವಿಲ್ಲಮ್ಮಾ."

ಭಕ್ತರು ತಲೆದೂಗಿದರು. ಹೋಳಿಗೆ ಬಾಗಿಲು ದಾಟಿ ಬರಲಿಲ್ಲ. ಅವಳು ಅನ್ನ ಸಾರು ಉಂಡು ಕೈ ತೊಳೆದಳು.

ಪಂಕ್ತಿ ಎದ್ದಿತು. ಸ್ವಾಮೀಜಿ ಬಾಗಿಲಿಗೆ ಬಂದರು.

"ಈಗ ಒಳಗೆ ಬಾಮ್ಮಾ. ಎಂಜಲೆಲೆಗಳನ್ನೆಲ್ಲ ಎತ್ತಿ ಹಾಕು. ಈ ಸೇವೆ ಮಾಡಿದರೇನೇ ಸಂಜೆ ದೀಕ್ಷೆ."

ದೊಡ್ಡತಾಯಮ್ಮ ಚಪ್ಪಲಿ ಮೆಟ್ಟಿಕೊಂಡಳು.

"ಈ ಮಾಯೆ ಮನೆಗೆ ಹೊರಟದೆ ಬುದ್ಧಿ. ನಿಜವಾದ ದೊಡ್ಡತಾಯಮ್ಮ ನಿಮ್ಮ ಪಕ್ಕದಲ್ಲೇ ಕೂತವ್ಳಲ್ಲ, ಎಲೆ ಎತ್ತೋಕೆ ಅವಳಿಗೇ ಹೇಳಿ."