ಬೆಲ್ಲದ ಡಬ್ಬಿ

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೂ ಅವನು ಎಡಗೈಯಲ್ಲಿ ಒಂದು ತುತ್ತು ತಿಂದವನಲ್ಲ. ಎಡಗೈಯನ್ನು ಬಾಯಿಗೆ ತರಲಾರೆ ಎಂದು ಹಟ ಹಿಡಿದಿದ್ದ. ಈಗ ಕಾಲೆಳೆಯುತ್ತಾ ಮನೆಯೊಳಗೆ ಓಡಾಡುತ್ತಿದ್ದ, ಕೈ ಮಾತ್ರ ಏಳುತ್ತಿಲ್ಲ ಎನ್ನುತ್ತಿದ್ದ. ಹೆಂಡತಿಯೇ ಕಲಸಿ ಬಾಯಿಗಿಡಬೇಕಿತ್ತು. ಶುಗರ್ ಇಳಿಯದಿದ್ದರೆ ಲಕ್ವ ಮತ್ತೆ ಹೊಡೆಯಬಹುದು ಎಂದು ಡಾಕ್ಟರು ಹೆದರಿಸಿದ್ದರು.

ಆದರೂ ಈ ವಾರವಿಡೀ ಶುಗರ್ ಏರುತ್ತಲೇ ಇತ್ತು. ಅಡುಗೆಮನೆಯ ಡಬ್ಬಿಯಲ್ಲಿ ಬೆಲ್ಲ ಕಮ್ಮಿಯಾಗುತ್ತಲೇ ಇತ್ತು.

"ಅತ್ತೆ, ನಾನು ಕೆಲಸಕ್ಕೆ ಹೋದಾಗ ಇವರಿಗೆ ಬೆಲ್ಲ ತಿನ್ನಿಸ್ತಿದ್ದೀರಾ?"

"ಹೆತ್ತ ಮಗನಿಗೆ ನಾನೇ ವಿಷ ಹಾಕ್ತೀನೇನಮ್ಮ?"

"ಮತ್ತಿನ್ಯಾರು? ಮನೇಲಿರೋದೇ ನಾವು ಮೂರು ಜನ. ನನಗೂ ಸಾಕಾಗಿದೆ ಅತ್ತೆ."

"ದೇವರಾಣೆಗೂ ನಾನಲ್ಲ." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೊಸೆ ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ, ಯಾರು ತಿನ್ನಿಸಿದ್ದು?"

"ಯಾರೂ ತಿನ್ನಿಸಿಲ್ಲ" ಎಂದು ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅವಳಿಗೆ ಜಗಳಾಡುವ ತ್ರಾಣವೂ ಉಳಿದಿರಲಿಲ್ಲ. ಶುಗರ್ ನೋಡುವ ಮಿಷನ್ನು ತಂದು ಪಕ್ಕದಲ್ಲಿ ಕೂತಳು. ಚುಚ್ಚಿದ್ದು ಅವನಿಗೆ ನೋಯದಿರಲಿ ಎಂದು ಯಾವಾಗಲೂ ಆ ಬಿದ್ದ ಕೈಗೇ ಚುಚ್ಚುತ್ತಿದ್ದಳು. ಇವತ್ತೂ ಅದನ್ನೇ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮಡಚಿದ್ದ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

ಉಗುರಿನ ಸಂದಿಯಲ್ಲಿ ಬೆಲ್ಲ ಮೆತ್ತಿಕೊಂಡಿತ್ತು.