ತಳ ಹಿಡಿದ ಮೀನು

ಸಂಶೋಧಕಿ ತೊಟ್ಟಿಯ ಗಾಜು ಒರೆಸುತ್ತಿದ್ದಳು. ತಳದಲ್ಲಿ ಮೀನೊಂದು ಮಲಗಿತ್ತು. ಕತ್ತರಿಸಿದ ಅದರ ಬೆನ್ನುಹುರಿ ಮತ್ತೆ ಬೆಳೆಯಲೆಂದು ಔಷಧಿ ಕೊಟ್ಟವಳು ಅವಳೇ. ಪಿಎಚ್‌ಡಿ ಆದಮೇಲೆ ಇದು ಅವಳ ಮೂರನೇ ಲ್ಯಾಬು. ಈ ವಾರ ಮೀನಿನ ಬಾಲ ಆಡದಿದ್ದರೆ ಇಲ್ಲಿಂದಲೂ ಗಂಟುಮೂಟೆ ಕಟ್ಟಬೇಕಿತ್ತು.

"ನರ ಕೂಡಿಕೊಂಡಿರೋದು ಮೈಕ್ರೋಸ್ಕೋಪಲ್ಲಿ ಕಾಣುತ್ತೆ. ಮತ್ತೆ ಯಾಕೆ ಏಳ್ತಿಲ್ಲ ಇದು?" ಎಂದರು ಹಿಂದೆ ನಿಂತಿದ್ದ ಲ್ಯಾಬಿನ ಪ್ರೊಫೆಸರ್.

ಅವಳು ದಿನದಂತೆ ಉದ್ದನೆಯ ಕೊಳವೆಯಲ್ಲಿ ಆಹಾರ ತುಂಬಿ ಮೀನಿನ ಬಾಯಿಯ ಹತ್ತಿರಕ್ಕೇ ಇಳಿಸಲು ಹೋದಳು. ಪಕ್ಕದ ಮೇಜಿನ ಗೆಳತಿ ನಕ್ಕಳು. "ಮಲಗಿದಲ್ಲಿಗೇ ಬಡಿಸೋ ಅತ್ತೆ ಸಿಕ್ಕಿದ್ರೆ ನಾನೂ ಏಳಲ್ಲ ಕಣೆ."

ಸಂಶೋಧಕಿಯ ಕೈ ಅಲ್ಲೇ ನಿಂತಿತು. ಪಾಪ ಎನಿಸಿ ಶುರುಮಾಡಿದ್ದ ಉಪಚಾರ ಅದು. ಕೊಳವೆಯನ್ನು ಪಕ್ಕಕ್ಕಿಟ್ಟು, ಚಿಟಿಕೆ ಆಹಾರವನ್ನು ನೀರಿನ ಮೇಲೆ ಉದುರಿಸಿದಳು. ಮೂವರೂ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕಾದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಲದ ತುದಿ ಒಮ್ಮೆ ಎಡಕ್ಕೆ ಬಾಗಿತು, ಒಮ್ಮೆ ಬಲಕ್ಕೆ. ಮೀನು ಬೆರಳಷ್ಟು ಮೇಲೆದ್ದು ಮತ್ತೆ ಜಾರಿತು.

"ಸಾರ್, ನಂಗೆ ಇನ್ನೊಂದು ತಿಂಗಳು ಕೊಡಿ," ಎಂದಳು ಅವಳು.

ಪ್ರೊಫೆಸರ್ ಗಾಜಿನಿಂದ ಕಣ್ಣು ತೆಗೆಯದೆಯೇ ಇನ್ನೊಂದು ಚಿಟಿಕೆ ಆಹಾರವನ್ನು ನೀರಿನ ಮೇಲೆ ಉದುರಿಸಿದರು.